ಒಂಟಿ ಮರಿ ಸುಮ್ಮನಾಯಿತು, ಸಮಾಧಾನವಾಯಿತೇ? ಬ್ರೂಡರ್ ಮೈಕಿನ ಕೆಲಸ ಎಲ್ಲಿಗೆ ಬಂತು

ಅಂತೂ ಬ್ರೂಡರಿನ, ಅಂದರೆ ಕೋಳಿ ಮರಿಗಳನ್ನು ಬೆಚ್ಚಗಿಡುವ ಪೆಟ್ಟಿಗೆಯ, ಮೈಕು ಈಗ ಮರಿಯ ಅಳುವನ್ನೂ ಹಿಗ್ಗಿನ ದನಿಯನ್ನೂ ಬೇರೆ ಮಾಡಿ ತೋರಿಸುತ್ತಿದೆ. ನಿನ್ನೆ ರಾತ್ರಿಯ ಗ್ರಾಫ್ ನೋಡಿದಾಗಿನಿಂದ ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಪೆಟ್ಟಿಗೆ, ಥರ್ಮೋಸ್ಟಾಟ್, ಹೊಟ್ಟು ಹಾಸುವುದು, ಇವೆಲ್ಲ ನಿಮಗೆ ಗೊತ್ತಿರುವುದೇ. ನನ್ನ ತಕರಾರು ಒಂಟಿ ಗೂಡಿನದು. ಕಾಲು ಅಗಲಿದ ಜವಾರಿ ಮರಿಗೆ ಪಟ್ಟಿ ಕಟ್ಟಿದ ಮೇಲೆ ಉಳಿದವು ಕುಕ್ಕದಿರಲಿ ಎಂದು ಬೇರೆ ಇಡಲೇಬೇಕು. ಇಟ್ಟ ಕ್ಷಣದಿಂದ ಅದರ ಕೂಗು ಓಣಿಗೆಲ್ಲ ಕೇಳುತ್ತದೆ. ಕಲಬುರಗಿಯ ಡಿಸೆಂಬರ್ ರಾತ್ರಿ, ಕೆಳಗೆ ಶಹಾಬಾದ್ ಫರಸಿ ಮಂಜಿನಂತೆ ತಣ್ಣಗೆ, ಹಾಗಾಗಿ ಮೊದಲು ಚಳಿಯ ಅನುಮಾನ ಬಂತು. ಪೆಟ್ಟಿಗೆಯ ಕೆಳಗೆ ಥರ್ಮೋಕೋಲ್ ಕೊಟ್ಟು 34 ಡಿಗ್ರಿ ಕಾಯ್ದುಕೊಂಡರೂ ಕೂಗು ನಿಲ್ಲಲಿಲ್ಲ. ಒಂಟಿತನಕ್ಕೇ ಅದು ಅಳುತ್ತಿತ್ತು.

ವಿಚಿತ್ರವೆಂದರೆ, ಸುಮಾರು ಅರ್ಧ ತಾಸಿನೊಳಗೆ ಕೂಗು ತಾನಾಗಿಯೇ ಇಳಿಯುತ್ತಿತ್ತು. ಪೆಟ್ಟಿಗೆಯಲ್ಲಿಟ್ಟ ಹಳೆಯ ಸದ್ದಿನ ಮೀಟರಿನ ಪ್ರಕಾರ ಎಲ್ಲ ಶಾಂತ. ಆದರೆ ಮರಿ ರೆಕ್ಕೆ ಜೋಲುಬಿಟ್ಟು ಕಣ್ಣು ತೆರೆದೇ ನಿಂತಿರುತ್ತಿತ್ತು, ಪಕ್ಕದಲ್ಲೇ ಇಟ್ಟ ಜೋಳದ ನುಚ್ಚು ಮುಟ್ಟುತ್ತಿರಲಿಲ್ಲ. ಇದನ್ನು ಶಾಂತಿ ಎಂದು ಹೇಗೆ ಬರೆದುಕೊಳ್ಳಲಿ?

ಇದಕ್ಕೆ ಉತ್ತರ ಸಿಕ್ಕಿದ್ದು ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಕೆನ್ನೆತ್ ಸುಫ್ಕಾ ಅವರ ತಂಡದ ಕೆಲಸದಲ್ಲಿ. ಒಂಟಿ ಮಾಡಿದ ಮರಿ ಮೊದಲ ಕೆಲವು ನಿಮಿಷ ಜೋರಾಗಿ ಕೂಗುತ್ತದೆ, ಅದು ಆತಂಕದ ಹಂತ. ಆಮೇಲೆ ಕೂಗು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇದನ್ನು ಅವರು ನೆಮ್ಮದಿ ಎನ್ನುವುದಿಲ್ಲ, ಖಿನ್ನತೆಯಂಥ ಹಂತ ಎನ್ನುತ್ತಾರೆ. ಆತಂಕ ತಗ್ಗಿಸುವ ಔಷಧ ಕೊಟ್ಟರೆ ಮೊದಲ ಹಂತದ ಕೂಗು ಕಡಿಮೆಯಾಯಿತು. ಖಿನ್ನತೆಯ ಔಷಧ ಇಮಿಪ್ರಮೀನ್ ಕೊಟ್ಟರೆ ಮರಿ ಬೇಗ ಸೋಲೊಪ್ಪದೆ ಇನ್ನಷ್ಟು ಹೊತ್ತು ಕೂಗಿತು. ಅಂದರೆ ಬರೀ ಸದ್ದಿನ ಮಟ್ಟ ಅಳೆಯುವ ಮೀಟರಿಗೆ ಹತಾಶೆಯೂ ನಿದ್ದೆಯೂ ಒಂದೇ.

ಮರಿಯ ತಲೆಯೊಳಗೆ ಏನು ನಡೆಯುತ್ತದೆ ಎಂಬುದೂ ಇಲ್ಲಿ ಮುಖ್ಯ. ಒತ್ತಡ ಬಿದ್ದಾಗ ಮಿದುಳಿನ ಹೈಪೊಥಲಾಮಸ್ ಎಂಬ ಭಾಗದಿಂದ ಸಿಆರ್‌ಎಫ್ ಎಂಬ ಹಾರ್ಮೋನ್ ಹೊರಡುತ್ತದೆ, ಅದರ ಹಿಂದೆ ಪಿಟ್ಯುಟರಿ ಗ್ರಂಥಿಯ ಎಸಿಟಿಎಚ್, ಕೊನೆಗೆ ಅಡ್ರಿನಲ್ ಗ್ರಂಥಿಯ ಕಾರ್ಟಿಕೋಸ್ಟಿರೋನ್. ನಮ್ಮಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನ್ ಮಾಡುವ ಕೆಲಸವನ್ನು ಹಕ್ಕಿಗಳಲ್ಲಿ ಮಾಡುವುದು ಈ ಕಾರ್ಟಿಕೋಸ್ಟಿರೋನ್. ಇದಕ್ಕೆ ಲಗಾಮು ಹಾಕುವವುಗಳಲ್ಲಿ ಗಾಬಾ ಎಂಬ, ನರಗಳ ಚಟುವಟಿಕೆ ತಗ್ಗಿಸುವ ರಾಸಾಯನಿಕ ದೊಡ್ಡದು. ಜಪಾನಿನ ಕ್ಯೂಷು ವಿಶ್ವವಿದ್ಯಾಲಯದಲ್ಲಿ ಮಿತ್ಸುಹಿರೊ ಫುರುಸೆ ಅವರ ತಂಡ ಎಲ್-ಸೆರೀನ್ ಎಂಬ ಅಮೈನೋ ಆಮ್ಲವನ್ನು ಮರಿಗಳ ಮಿದುಳಿನ ಕುಹರಕ್ಕೆ ಕೊಟ್ಟು ನೋಡಿತು. ಒಂಟಿತನದ ಕೂಗು ತಗ್ಗಿತು, ಮರಿಗಳು ನಿದ್ದೆಯ ಭಂಗಿಗೆ ಬಂದವು, ಮತ್ತು ಈ ಪರಿಣಾಮ ಗಾಬಾ ಬಂದು ಕೂರುವ ಗಾಬಾ-ಎ ಗ್ರಾಹಕಗಳ ಮೂಲಕ ಎಂದು ತೋರಿತು. ಅದಕ್ಕೂ ಬಹಳ ಮೊದಲು, 1978ರಲ್ಲಿ, ಯಾಕ್ ಪಾಂಕ್ಸೆಪ್ ಮತ್ತು ಜೊತೆಗಾರರು ಅಫೀಮಿನಂತೆ ಕೆಲಸ ಮಾಡುವ ಪೆಪ್ಟೈಡುಗಳು ಮರಿಗಳ ಅಳು ತಗ್ಗಿಸುವುದನ್ನು ತೋರಿಸಿದ್ದರು. ಜೊತೆಗಿರುವ ಸುಖಕ್ಕೆ ಮಿದುಳಲ್ಲೇ ರಾಸಾಯನಿಕವಿದೆ ಎಂಬ ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಇದನ್ನು ಹೇಳಿದ ಕೂಡಲೇ ಹುಮನಾಬಾದಿನ ಗೆಳೆಯ ಫೋನಿನಲ್ಲಿ, “ಅಣ್ಣಾ, ಆ ಸೆರೀನ್ ನೀರಾಗ ಕಲಸಿ ಕೊಟ್ರ ನಡೀತದೇನ್ರಿ?” ಎಂದ. ಬ್ಯಾಡಪ್ಪಾ. ಅವರು ಕೊಟ್ಟದ್ದು ನೇರ ಮಿದುಳಿಗೆ, ಪ್ರಯೋಗಾಲಯದಲ್ಲಿ, ಅಳತೆ ಮಾಡಿ. ಕುಡಿಯುವ ನೀರಿಗೆ ಆ ಲೆಕ್ಕ ಹೊಂದುವುದಿಲ್ಲ. ಮರಿಯ ಮಿದುಳು ತನ್ನ ಮದ್ದನ್ನು ತಾನೇ ಬಿಡುವಂಥ ಗೂಡು ಕಟ್ಟುವುದು ನಮ್ಮ ಕೈಲಾದ ಕೆಲಸ.

ಅಂಥ ಗೂಡು ಆಯಿತೋ ಇಲ್ಲವೋ ತಿಳಿಯುವುದು ಹೇಗೆ? ದಾರಿ ತೋರಿಸಿದ್ದು 1953ರ ಕೊಲಿಯಸ್ ಮತ್ತು ಜೂಸ್ ಅವರ ಧ್ವನಿ ವಿಶ್ಲೇಷಣೆ. ಮರಿಯ ಸಂಕಟದ ಕೂಗಿನಲ್ಲಿ ಸ್ವರ ಮೇಲಿನಿಂದ ಕೆಳಗೆ ಜಾರುತ್ತದೆ, ಸಂತೋಷದ ದನಿಯಲ್ಲಿ ಕೆಳಗಿನಿಂದ ಮೇಲೆ ಏರುತ್ತದೆ. ಸರಿ, ಎಷ್ಟು ಜೋರು ಎಂಬುದನ್ನು ಬಿಟ್ಟು ಸ್ವರ ಯಾವ ಕಡೆ ಹೋಗುತ್ತಿದೆ ಎಂಬುದನ್ನೇ ಹಿಡಿಯೋಣ ಎಂದುಕೊಂಡೆ.

ಹಿಡಿಯಲು ಒಳ್ಳೆ ಮೈಕು ಬೇಕಲ್ಲ! ಐಎನ್‌ಎಂಪಿ 441 ಎಂಬ ಡಿಜಿಟಲ್ ಮೈಕು ಬೇಕೆಂದು ಸ್ಪಷ್ಟವಾಗಿ ಬರೆದು ದುಡ್ಡು ಕಟ್ಟಿದರೆ ಅಂಗಡಿಯವರು ಕಳಿಸಿದ್ದು ಕೆವೈ 038 ಎಂಬ ಸದ್ದಿನ ಸೆನ್ಸರ್. ಚಪ್ಪಾಳೆಗೆ ಲೈಟು ಹತ್ತಿಸುವ ಆಟಕ್ಕೆ ಅದು ಸಾಕು, ಸ್ವರ ಹಿಡಿಯಲು ನಾಲಾಯಕ್ಕು. ಬದಲಿ ಕೇಳಿದರೆ “ಎರಡೂ ಮೈಕೇ ಅಲ್ರೀ ಸರ್” ಎಂಬ ಉತ್ತರ. ಹೊಟ್ಟಿನವರದು ಇನ್ನೊಂದು ಗೋಳು: ಶಹಾಪುರದ ಕಡೆಯಿಂದ ಬರುವ ಭತ್ತದ ಹೊಟ್ಟಿನ ಚೀಲದಲ್ಲಿ ಅರ್ಧ ಧೂಳು. ಅದು ಮೈಕಿನ ತೂತಿಗೂ ಕೂರುತ್ತದೆ, ಮರಿಯ ಶ್ವಾಸಕ್ಕೂ ಹೋಗುತ್ತದೆ. ಈಗ ಜರಡಿ ಹಿಡಿಯದೆ ಒಂದು ಮುಷ್ಟಿಯೂ ಒಳಗೆ ಹಾಕುವುದಿಲ್ಲ.

ಸರಿಯಾದ ಮೈಕು ಬಂದ ಮೇಲೆ ಇಎಸ್‌ಪಿ 32 ಎಂಬ ಪುಟ್ಟ ಕಂಪ್ಯೂಟರ್ ಚಿಪ್ಪಿಗೆ ಜೋಡಿಸಿ, ಸೆಕೆಂಡಿಗೆ ಸದ್ದಿನ 16,000 ಮಾದರಿ, 512 ಮಾದರಿಗೊಂದು ಎಫ್‌ಎಫ್‌ಟಿ. ಸದ್ದನ್ನು ಅದರೊಳಗಿನ ಆವರ್ತನಗಳಾಗಿ ಬಿಡಿಸುವ ಲೆಕ್ಕ ಅದು. ಹಾಗೆ ನೋಡುವ ಸದ್ದಿನ ತುಣುಕಿಗೆ, ಅಂದರೆ ಒಂದು ಕಿಟಕಿಗೆ, 32 ಮಿಲಿಸೆಕೆಂಡ್. ಅರ್ಧರ್ಧ ಒಂದರ ಮೇಲೊಂದು ಬರುವಂತೆ ಇಟ್ಟರೆ ಒಂದೇ ಕೂಗಿನೊಳಗೆ ಸ್ವರದ ನಡಿಗೆ ಕಾಣಲು ಸಾಕಷ್ಟು ಚುಕ್ಕಿ ಸಿಗುತ್ತವೆ. ಪ್ರತಿ ಕಿಟಕಿಯ ಅತಿ ಬಲದ ಆವರ್ತನ ತೆಗೆದು ಸಾಲು ಇಳಿಜಾರೋ ಏರುಜಾರೋ ಎಂದಷ್ಟೇ ಬರೆದಿಡುತ್ತೇನೆ. ಕರೆಂಟು ಹೋದಾಗ ಇನ್ವರ್ಟರ್ ಪೀಂ ಎನ್ನುವುದು ಹಳೆ ಮೀಟರಿಗೆ ಮರಿಯ ಕೂಗಿನಂತೆಯೇ ಕೇಳುತ್ತಿತ್ತು. ಇನ್ವರ್ಟರಿನ ಸ್ವರ ಏರುವುದೂ ಇಲ್ಲ ಇಳಿಯುವುದೂ ಇಲ್ಲ, ಆದ್ದರಿಂದ ಆ ಕಾಟವೂ ತಪ್ಪಿತು. ಹಿಗ್ಗಿನ ದನಿ ಬಲು ಮೆಲ್ಲಗಿರುತ್ತದೆ, ಮೈಕು ಮರಿಯಿಂದ ಗೇಣಿನೊಳಗೇ ಇರಬೇಕು.

ನಿನ್ನೆ ರಾತ್ರಿ ಕಾವಿಗೆಂದು ಹಾಕಿದ್ದ ಬಲ್ಬು ತೆಗೆದೆ. ಮೇಲಿನಿಂದ ಬೆಚ್ಚಗಿನ ತಟ್ಟೆ, ಅದರ ಅಂಚಿಗೆ ಬೆನ್ನು ಸವರುವಂತೆ ಕಪ್ಪು ಬಟ್ಟೆಯ ಪಟ್ಟಿಗಳು, ನಡುವೆ ಸಣ್ಣ ಜಾಲರಿ, ಜಾಲರಿಯ ಆಚೆ ಕುಕ್ಕಲಾಗದಂತೆ ಇನ್ನೊಂದು ಮರಿ. ಇಳಿಜಾರಿನ ಗೆರೆಗಳು ಬೇಗನೇ ತೆಳುವಾದವು. ಮೌನ ಬರುವ ಮೊದಲು ಏರುಜಾರಿನ ಗೆರೆಗಳು ಒತ್ತೊತ್ತಾಗಿ ಬಂದವು. ಬಲ್ಬಿನ ಗೂಡಿನ ರಾತ್ರಿಗಳಲ್ಲಿ ಆ ಏರುಜಾರು ಕಂಡೇ ಇರಲಿಲ್ಲ. ಇಣುಕಿದರೆ ಮರಿ ಪಟ್ಟಿಕಾಲು ಚಾಚಿ, ಜಾಲರಿಗೆ ಆತು, ರೆಪ್ಪೆ ಮುಚ್ಚಿತ್ತು.

ತಟ್ಟೆ, ಪಟ್ಟಿ, ಜೊತೆಗಾರ, ಈ ಮೂರರಲ್ಲಿ ಕೆಲಸ ಮಾಡಿದ್ದು ಯಾವುದು ಎಂದು ಒಂದೊಂದಾಗಿ ತೆಗೆದು ನೋಡಬೇಕು. ಜೊತೆಗಾರನ ಮೇಲೆ ನನ್ನ ಪಣ.

ಅದರ ನಡುವೆಯೇ ಸಂಜೆ ಬೆಳಕಿನ ಯೋಜನೆ ತಲೆಗೆ ಹತ್ತಿದೆ. ಕೋಳಿಯ ಮಿದುಳಿನಲ್ಲಿರುವ ಪೀನಿಯಲ್ ಗ್ರಂಥಿ ತಾನೇ ಬೆಳಕನ್ನು ಗ್ರಹಿಸುತ್ತದೆ. ಅದರಲ್ಲಿರುವ ಪಿನಾಪ್ಸಿನ್ ಎಂಬ ವರ್ಣಕವನ್ನು 1994ರಲ್ಲಿ ಗುರುತಿಸಿದರು, ನೀಲಿ ಬೆಳಕಿಗೆ ಅದು ಹೆಚ್ಚು ಸ್ಪಂದಿಸುತ್ತದೆ. ಕತ್ತಲಾದರೆ ಮೆಲಟೋನಿನ್ ಎಂಬ ರಾತ್ರಿಯ ಹಾರ್ಮೋನ್ ಏರುತ್ತದೆ. ಹಾಗಾದರೆ ಸ್ವಿಚ್ಚು ಒಮ್ಮೆಲೇ ಆರಿಸುವ ಬದಲು ಮೊದಲು ನೀಲಿ ಇಳಿಸಿ, ಆಮೇಲೆ ಕೆಂಪನ್ನು ನಿಧಾನವಾಗಿ ಇಳಿಸುವ ಎಲ್‌ಇಡಿ ಪಟ್ಟಿ ಮಾಡಿದರೆ ಇಳಿಜಾರಿನ ಗೆರೆ ಇನ್ನೂ ಬೇಗ ತೆಳುವಾದೀತೇ? ಪಟ್ಟಿ ತರಿಸಿದ್ದೇನೆ. ಈ ಸಲ ಬೇರೆ ಅಂಗಡಿಯಿಂದ.