ವಹಾಕಾದಲ್ಲಿ ಬೆಳಕಿನ ಹೊತ್ತು, ಊಟದ ಹೊತ್ತು

ದಕ್ಷಿಣ ಮೆಕ್ಸಿಕೊದ ವಹಾಕಾ ನಗರಕ್ಕೆ ನಾವು ಹೊರಟಾಗ ನೋಡಬೇಕಾದ ಸ್ಥಳಗಳ ಉದ್ದನೆಯ ಪಟ್ಟಿ ಜೇಬಿನಲ್ಲಿತ್ತು. ಎರಡನೆಯ ದಿನ ಅದನ್ನು ಮಡಿಸಿಟ್ಟು, ಬಿಸಿಲು ಯಾವ ಗೋಡೆಗೆ ಯಾವಾಗ ಬೀಳುತ್ತದೆ, ಯಾವ ಒಲೆ ಎಷ್ಟು ಹೊತ್ತಿಗೆ ಉರಿಯುತ್ತದೆ ಎಂಬುದನ್ನು ನೋಡಿ ದಿನವನ್ನು ಹಂಚಿಕೊಂಡ ಮೇಲೆಯೇ ಊರು ನಮಗೆ ಒಲಿಯಿತು. ಕ್ಯಾಮೆರಾಕ್ಕೆ ಬೇಕಾದ ಬೆಳಕು ಬೆಳಿಗ್ಗೆ ಮತ್ತು ಸಂಜೆ ಸಿಗುತ್ತದೆ. ಅಲ್ಲಿಯವರ ದೊಡ್ಡ ಊಟ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ, ಅಂದರೆ ಬಿಸಿಲು ನೆತ್ತಿ ಸುಡುತ್ತ ಚಿತ್ರಗಳೆಲ್ಲ ಬಿಳಿಚಿಕೊಳ್ಳುವ ಹೊತ್ತಿಗೆ. ಕ್ಯಾಮೆರಾ ಮತ್ತು ಹಸಿವು ಎರಡನ್ನೂ ಹೊತ್ತು ತಿರುಗುವವರಿಗೆ ಇದಕ್ಕಿಂತ ಅನುಕೂಲವಾದ ದಿನಚರಿ ಇನ್ನೊಂದಿಲ್ಲ.

ಅಮೆರಿಕದ ಚಾಲ್ತಿ ವೀಸಾ ಇರುವ ಭಾರತೀಯರಿಗೆ ಪ್ರವಾಸಕ್ಕಾಗಿ ಮೆಕ್ಸಿಕೊದ ವೀಸಾ ಬೇರೆಯಾಗಿ ಬೇಕಾಗಲಿಲ್ಲ. ಆದರೂ ಹೊರಡುವ ಮುನ್ನ ನಿಯಮವನ್ನು ಒಮ್ಮೆ ಪರಿಶೀಲಿಸಿಕೊಳ್ಳುವುದು ಒಳಿತು. ಮೆಕ್ಸಿಕೊ ಸಿಟಿಯ ಟಾಪೊ ನಿಲ್ದಾಣದಿಂದ ಬಸ್ಸಿನಲ್ಲಿ ಸುಮಾರು ಏಳು ಗಂಟೆಯ ದಾರಿ. ಊರು ಸಮುದ್ರಮಟ್ಟದಿಂದ ಸುಮಾರು 1,550 ಮೀಟರ್ ಎತ್ತರದಲ್ಲಿರುವುದರಿಂದ ಡಿಸೆಂಬರಿನ ಸಂಜೆಗೆ ಸ್ವೆಟರ್ ಬೇಕು.

ಬೆಳಿಗ್ಗೆ ಏಳಕ್ಕೆ ಎದ್ದು ಹೊರಬಿದ್ದರೆ ಬೀದಿಗಳು ನಿಮ್ಮವೇ. ಹಳದಿ, ನೀಲಿ, ಕುಂಕುಮ ಬಣ್ಣದ ತಗ್ಗು ಮನೆಗಳ ಗೋಡೆಗಳ ಮೇಲೆ ಓರೆ ಬಿಸಿಲು ಹರಿಯುತ್ತಿರುತ್ತದೆ. ಅಲ್ಲಿಂದ ನೇರವಾಗಿ ವೆಯಿಂತೆ ದೆ ನೊವಿಯೆಂಬ್ರೆ ಮಾರುಕಟ್ಟೆಗೆ ಹೋಗಿ. ಹೆಸರಿನ ಅರ್ಥ ನವೆಂಬರ್ 20. 1910ರ ಮೆಕ್ಸಿಕೊ ಕ್ರಾಂತಿ ಆರಂಭವಾದ ದಿನವದು. ಅಲ್ಲಿ ಬಿಸಿನೀರಿನಲ್ಲಿ ಕದಡಿದ ಚಾಕೊಲೇಟನ್ನು ಮರದ ಕಡಗೋಲಿನಿಂದ ನಮ್ಮಲ್ಲಿ ಮಜ್ಜಿಗೆ ಕಡೆಯುವಂತೆಯೇ ಕಡೆದು, ನೊರೆ ಏಳಿಸಿ ಕೊಡುತ್ತಾರೆ. ಪಕ್ಕದ ಮಿನಾ ಬೀದಿಯ ಗಿರಣಿಗಳಲ್ಲಿ ಕೊಕೊ ಬೀಜ, ಬಾದಾಮಿ, ದಾಲ್ಚಿನ್ನಿ, ಸಕ್ಕರೆಗಳನ್ನು ಕಣ್ಣೆದುರೇ ಬೀಸಿಕೊಡುವುದರಿಂದ ಆ ಬೀದಿಯನ್ನು ಕಣ್ಣು ಮುಚ್ಚಿಯೂ ಗುರುತಿಸಬಹುದು. ಚಾಕೊಲೇಟಿನ ಜೊತೆಗೆ ಬರುವ ಬನ್ನಿನಲ್ಲಿ ಮೊಟ್ಟೆಯಿರುತ್ತದೆ ಎಂಬುದು ತಿಳಿದಿರಲಿ.

ಈ ಮಾರುಕಟ್ಟೆಯ ಒಂದು ಓಣಿಯಲ್ಲಿ ಎರಡೂ ಬದಿಗೆ ಕೆಂಡದ ಒಲೆಗಳಿವೆ. ಒಂದು ಅಂಗಡಿಯಲ್ಲಿ ಮಾಂಸ ಆರಿಸಿಕೊಟ್ಟರೆ ಅಲ್ಲೇ ಸುಡುತ್ತಾರೆ. ಈರುಳ್ಳಿ, ಮೆಣಸಿನಕಾಯಿ, ರೊಟ್ಟಿಗಳನ್ನು ಬೇರೆಯವರಿಂದ ಕೊಳ್ಳಬೇಕು. ಹೊಗೆಯ ನಡುವೆ ಬೆಳಕಿನ ಕೋಲುಗಳು ಇಳಿಯುವುದನ್ನು ಕಂಡು ಇಪ್ಪತ್ತು ನಿಮಿಷ ಕ್ಯಾಮೆರಾ ಇಳಿಸದೆ ನಿಂತೆ. ಹೊರಗೆ ಬಂದು ನೋಡಿದರೆ ಮಸೂರದ ಮೇಲೆ ಜಿಡ್ಡಿನ ಪೊರೆ ಕಟ್ಟಿತ್ತು, ಕೊನೆಯ ಐವತ್ತು ಚಿತ್ರಗಳು ಮಂಜು ಮಂಜಾಗಿದ್ದವು. ಒರೆಸುವ ಬಟ್ಟೆ ಚೀಲದಲ್ಲಲ್ಲ, ಅಂಗಿಯ ಜೇಬಿನಲ್ಲಿರಬೇಕು.

ಮಾರಾಟಗಾರರ ಚಿತ್ರ ತೆಗೆಯುವ ಮೊದಲು ಏನನ್ನಾದರೂ ಕೊಳ್ಳಿ, ತಿನ್ನಿ, ಆಮೇಲೆ ‘ಪುಯೆದೊ ತೊಮಾರ್ ಉನಾ ಫೊತೊ?’ (ಒಂದು ಫೋಟೊ ತೆಗೆಯಬಹುದೇ?) ಎಂದು ಸ್ಪ್ಯಾನಿಷ್‌ನಲ್ಲಿ ಕೇಳಿ. ಬೆನಿಟೊ ಹುವಾರೆಸ್ ಮಾರುಕಟ್ಟೆಯಲ್ಲಿ ತೆಹಾತೆ ಮಾರುವ ಅಜ್ಜಿಯೊಬ್ಬರು ಮೊದಲು ನನ್ನ ಕ್ಯಾಮೆರಾ ಕಂಡು ಮುಖ ತಿರುಗಿಸಿದ್ದರು. ತೆಹಾತೆ ಎಂದರೆ ಬೂದಿ ಹಾಕಿ ಬೇಯಿಸಿದ ಮೆಕ್ಕೆಜೋಳ, ಕೊಕೊ, ಮಾಮೆ ಹಣ್ಣಿನ ಬೀಜ ಮತ್ತು ಒಂದು ಬಗೆಯ ಒಣಗಿದ ಹೂವನ್ನು ಅರೆದು ಮಾಡುವ ತಂಪು ಪಾನೀಯ. ಮೊಣಕೈವರೆಗೆ ತೋಳು ಮುಳುಗಿಸಿ ಆಕೆ ಹಿಟ್ಟನ್ನು ನಾದುತ್ತಿದ್ದರು. ಎತ್ತರದಿಂದ ನೀರು ಸುರಿದಂತೆಲ್ಲ ಮೇಲೆ ಒಡೆದ ಮೊಸರಿನಂಥ ಬಿಳಿ ನೊರೆ ಕಟ್ಟುತ್ತಿತ್ತು. ಬಣ್ಣ ಬಳಿದ, ಒಣಗಿದ ಕಾಯಿಯ ಬುರುಡೆಯ ಬಟ್ಟಲಿನಲ್ಲಿ ಅದನ್ನು ಪೂರ್ತಿ ಕುಡಿದು ಇನ್ನೊಂದು ಕೇಳಿದಾಗ ಆಕೆ ನಕ್ಕು, ತಾವೇ ಕ್ಯಾಮೆರಾದ ಕಡೆಗೆ ಗಲ್ಲ ಎತ್ತಿದರು.

ಸಸ್ಯಾಹಾರಿಗಳು ಇಲ್ಲಿ ಉಪವಾಸ ಬೀಳುವುದಿಲ್ಲ, ಆದರೆ ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು. ರಾತ್ರಿಯ ಮುಖ್ಯ ತಿನಿಸಾದ ತ್ಲಾಯುದಾ ನಮ್ಮ ಉತ್ತರ ಕರ್ನಾಟಕದ ಕಟಕ ರೊಟ್ಟಿಯ ದೊಡ್ಡಣ್ಣನಂತಿದೆ. ತಟ್ಟೆಗಿಂತ ಅಗಲವಾದ ಮೆಕ್ಕೆಜೋಳದ ರೊಟ್ಟಿಗೆ ಅರೆದ ಕಾಳು ಬಳಿದು, ನೂಲಿನುಂಡೆಯಂತೆ ಸುತ್ತಿಟ್ಟ ಕೆಸಿಯೊ ಎಂಬ ಚೀಸನ್ನು ಎಳೆಎಳೆಯಾಗಿ ಹರಡಿ, ಮಡಚಿ ಕೆಂಡದ ಮೇಲೆ ಸುಡುತ್ತಾರೆ. ನನ್ನ ಪತ್ನಿ ಮಾಂಸವಿಲ್ಲದ್ದನ್ನೇ ಕೇಳಿ ಅರ್ಧ ತಿಂದ ಮೇಲೆ, ಕಾಳಿನ ಕೆಳಗೆ ಹೊಳೆಯುತ್ತಿದ್ದುದು ಹಂದಿಯ ಕೊಬ್ಬು ಎಂದು ಗೊತ್ತಾಯಿತು. ಅದರ ಹೆಸರು ಅಸಿಯೆಂತೊ. ‘ಸಿನ್ ಅಸಿಯೆಂತೊ, ಸಿನ್ ಮಾಂತೆಕಾ’ (ಅಸಿಯೆಂತೊ ಬೇಡ, ಹಂದಿಯ ಕೊಬ್ಬು ಬೇಡ) ಎಂಬ ಮಾತನ್ನು ಬಾಯಿಪಾಠ ಮಾಡಿಕೊಳ್ಳಿ. ಪ್ರಸಿದ್ಧವಾದ ಕಪ್ಪು ಮೋಲೆ ಸಾರಿನಲ್ಲಿ ಕೋಳಿಯ ರಸವಿರುವುದೇ ಹೆಚ್ಚು. ಹಣ್ಣಿನ ಹೋಳುಗಳ ಮೇಲೆ ಉದುರಿಸುವ ಕೆಂಪು ಉಪ್ಪಿನಲ್ಲಿ ಹುಳುವಿನ ಪುಡಿ ಇರಬಹುದು. ನಿಶ್ಚಿಂತೆಯಿಂದ ಕುಡಿಯಬಹುದಾದದ್ದು ‘ಹಮಾಯ್ಕಾ’ ಪಾನಕ. ಅದಕ್ಕೆ ಬಳಸುವ ಹೂವು ನಮ್ಮ ಪುಂಡಿ ಪಲ್ಯದ ಗಿಡದ ಕುಲದ್ದೇ. ಮಾಂಸಾಹಾರಿಯಾದ ನಾನು ಬೆಳ್ಳುಳ್ಳಿ, ನಿಂಬೆರಸ ಹಾಕಿ ಹುರಿದ ಮಿಡತೆಯನ್ನೂ ರುಚಿ ನೋಡಿದೆ. ಮೊದಲ ಹಿಡಿ ಧೈರ್ಯಕ್ಕಾಗಿ, ಎರಡನೆಯದು ರುಚಿಗಾಗಿ.

ಮೊಂತೆ ಆಲ್ಬಾನ್‌ಗೆ ಒಂದು ಬೆಳಿಗ್ಗೆ ಮೀಸಲಿಡಿ. ಕ್ರಿಸ್ತಪೂರ್ವ 500ರ ಸುಮಾರಿಗೆ ಸಾಪೊತೆಕ್ ಜನರು ಬೆಟ್ಟದ ತುದಿಯನ್ನು ಸಮಗೊಳಿಸಿ ಕಟ್ಟಿದ ನಗರವಿದು. 1987ರಲ್ಲಿ ವಹಾಕಾದ ಹಳೆಯ ಪಟ್ಟಣದೊಂದಿಗೆ ಯುನೆಸ್ಕೊ ಪಟ್ಟಿಗೆ ಸೇರಿತು. ನೆರಳು ಬಹಳ ಕಡಿಮೆ, ಆದ್ದರಿಂದ ಬಾಗಿಲು ತೆರೆಯುತ್ತಲೇ ಒಳಗಿರಬೇಕು. ಟ್ರೈಪಾಡಿಗೆ ಅನುಮತಿ ಬೇಕಾಗುವುದರಿಂದ ಅದನ್ನು ಹೊತ್ತೊಯ್ಯುವುದು ವ್ಯರ್ಥ. 1932ರಲ್ಲಿ ಪುರಾತತ್ವಜ್ಞ ಆಲ್ಫೊನ್ಸೊ ಕಾಸೊ ಅಲ್ಲಿನ ಏಳನೆಯ ಸಮಾಧಿಯಲ್ಲಿ ಕಂಡ ಚಿನ್ನದ ನಿಧಿ ಈಗ ಊರಿನೊಳಗೆ, ಸಾಂತೊ ದೊಮಿಂಗೊ ಚರ್ಚಿನ ಪಕ್ಕದ ವಸ್ತುಸಂಗ್ರಹಾಲಯದಲ್ಲಿದೆ.

ಆ ಚರ್ಚು ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಸಂಜೆ ಅದರ ಕಲ್ಲೆಲ್ಲ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಶನಿವಾರವಾದರೆ ಅಲ್ಲೇ ಕಾದಿರಿ. ಮದುವೆ ಮುಗಿಸಿ ಹೊರಬರುವ ದಿಬ್ಬಣದ ಮುಂದೆ ಹಿತ್ತಾಳೆ ವಾದ್ಯದವರೂ, ಒಳಗೊಬ್ಬ ಮನುಷ್ಯ ಹೊಕ್ಕು ಕುಣಿಸುವ ಆಳೆತ್ತರ ಮೀರಿದ ಗೊಂಬೆಗಳೂ ಬರುತ್ತವೆ. ಮೈಸೂರು ದಸರೆಯ ಗಾರುಡಿ ಗೊಂಬೆಗಳನ್ನು ಕಂಡವರಿಗೆ ಅವು ಅಪರಿಚಿತವೆನಿಸುವುದಿಲ್ಲ. ಮುಂದೆ ಓಡಿ ದಾರಿಗಡ್ಡ ನಿಲ್ಲದೆ, ಮೆರವಣಿಗೆಯ ಪಕ್ಕದಲ್ಲೇ ನಡೆಯುತ್ತ ತೆಗೆದ ಚಿತ್ರಗಳೇ ನನಗೆ ಚೆನ್ನಾಗಿ ಬಂದವು.

ಮರಳುವಾಗ ಮಾರುಕಟ್ಟೆಯಿಂದ ಕಪ್ಪು ಮೋಲೆಯ ಮುದ್ದೆ ಕೊಳ್ಳುವವರು ಕೋಳಿಯ ರಸ ಸೇರಿದೆಯೇ ಎಂದು ಕೇಳಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿ, ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲೇ ಇಡಿ. ಕೈಚೀಲದಲ್ಲಿದ್ದ ನಮ್ಮ ಒಂದು ಕಿಲೋ ಮುದ್ದೆ ತಪಾಸಣೆಯ ಮೇಜಿನ ಮೇಲೆಯೇ ಉಳಿಯಿತು.