ಒಂಬತ್ತು ನಿಮಿಷದ ಇನ್ನಿಂಗ್ಸು

ಹಳೇ ಸ್ಟೂಡೆಂಟ್ಸ್ ನಮ್ಮ ಕಾಲೇಜ್ ಮ್ಯಾಗಜೀನ್‌ಗೆ ಬರೆದದ್ದನ್ನೆಲ್ಲ ಓದಿದೀನಿ. ಲೈಬ್ರರಿ ಬಗ್ಗೆ ಬರೀತಾರೆ, ಕ್ಯಾಂಟೀನ್ ಬಗ್ಗೆ ಬರೀತಾರೆ, ಆನ್ಯುಯಲ್ ಡೇ ಬಗ್ಗೆ ಬರೀತಾರೆ, ಗ್ರೌಂಡಿನ ಮೂಲೇಲಿ ಬೇವಿನ ಮರದ ಪಕ್ಕ ಇರೋ ಖೋ ಖೋ ಕೋರ್ಟ್ ಬಗ್ಗೆ ಯಾರೂ ಬರೆದಿಲ್ಲ. ಅದನ್ನ ನಾನೇ ಬರೀಬೇಕು ಅಂತ ಬಹಳ ವರ್ಷದಿಂದ ಅಂದ್ಕೋತಾನೇ ಇದೀನಿ, ಯಾಕಂದ್ರೆ ಇವತ್ತು ನಾನು ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗಿ ಬಂದು ಉಂಡು ನೆಮ್ಮದಿಯಾಗಿ ಮಲಗ್ತಿದೀನಿ ಅಂದ್ರೆ ಅದರಲ್ಲಿ ಆ ಮಣ್ಣಿನ ಪಾಲು ದೊಡ್ಡದು.

ನಮ್ಮೂರು ಮಳವಳ್ಳಿ ಕಡೆ. ನಮ್ಮ ಮಂಡ್ಯ ಮೈಸೂರು ಸೀಮೇಲಿ ಹಳ್ಳಿ ಸ್ಕೂಲಿನ ಹೆಣ್ಮಕ್ಕಳಿಗೆ ಸುಲಭಕ್ಕೆ ಸಿಗೋ ಆಟ ಅಂದ್ರೆ ಖೋ ಖೋನೇ, ಎರಡು ಕಂಬ ನೆಟ್ಟು ಸುಣ್ಣದಲ್ಲಿ ಗೆರೆ ಎಳೆದ್ರೆ ಮುಗೀತು, ಬ್ಯಾಟ್ ಬೇಡ ಬಾಲ್ ಬೇಡ ಶೂನೂ ಬೇಡ. ಹೈಸ್ಕೂಲಲ್ಲಿ ಚೆನ್ನಾಗೇ ಆಡ್ತಿದ್ದೆ. ಡಿಗ್ರಿಗೆ ಮೈಸೂರಿಗೆ ಬಂದು ಹಾಸ್ಟೆಲ್ ಸೇರಿದ ಮೇಲೂ ಕಾಲೇಜ್ ಟೀಮಲ್ಲಿ ಇದ್ದೆ. ಸೆಕೆಂಡ್ ಇಯರಲ್ಲಿ ನಮ್ಮಪ್ಪ ಹೋಗ್ಬಿಟ್ರು. ಗದ್ದೆ ಬದುವಿನ ಮೇಲೆ ಎದೆನೋವು ಅಂತ ಕೂತವರು ಮತ್ತೆ ಏಳ್ಲಿಲ್ಲ.

ತಿಥಿ ಮುಗಿಸ್ಕೊಂಡು ವಾಪಸ್ ಬಂದೆ. ಮೊದಮೊದಲು ಅಳು ಬರ್ತಿತ್ತು, ಆಮೇಲೆ ಅದೂ ನಿಂತೋಯ್ತು, ಅದೇ ನಿಜವಾದ ಕಷ್ಟ ಶುರುವಾಗಿದ್ದು ಅಂತ ಈಗ ಗೊತ್ತಾಗುತ್ತೆ. ರಾತ್ರಿ ಮೂರಕ್ಕೇ ಎಚ್ಚರ ಆಗೋದು, ಬೆಳಗಾದ್ರೆ ಹಾಸಿಗೆ ಬಿಟ್ಟು ಏಳೋಕಾಗ್ತಿರ್ಲಿಲ್ಲ, ಮೆಸ್ಸಿನ ಅನ್ನ ಬಾಯಿಗಿಟ್ರೆ ರುಚೀನೇ ಗೊತ್ತಾಗ್ತಿರ್ಲಿಲ್ಲ, ಆವತ್ತು ಗದ್ದೇಲಿ ನಾನು ಇದ್ದಿದ್ರೆ ಆಟೋ ಕರೀಬಹುದಿತ್ತು ಆಸ್ಪತ್ರೆಗೆ ಸೇರಿಸಬಹುದಿತ್ತು ಅನ್ನೋ ಒಂದೇ ಯೋಚನೆ ಇಡೀ ದಿನ ತಲೇಲಿ ಗಾಣದ ಎತ್ತಿನ ಥರ ಸುತ್ತೋದು. ಊರಿಗೆ ಹೋದಾಗ ನಮ್ಮವ್ವ ನೋಡಿ, 'ಯಾಕವ್ವಾ ಮಗ ಹಿಂಗಾಗೋದೆ' ಅಂತ ಹೆದರ್ಕೊಂಡು ಗಾಳಿ ಸೋಕಿರಬೇಕು ಅಂತ ಯಂತ್ರ ಕಟ್ಟಿಸಿದ್ಲು. ಅವ್ವನ ಪ್ರೀತಿಗೆ ಗೊತ್ತಿದ್ದ ದಾರಿ ಅದೊಂದೇ, ಅದರ ಬಗ್ಗೆ ನಂಗೆ ಒಂಚೂರೂ ಬೇಜಾರಿಲ್ಲ.

ಪ್ರಾಕ್ಟೀಸ್ ಬಿಟ್ಟಿದ್ದೆ. ಒಂದಿನ ಕಾರಿಡಾರಲ್ಲಿ ನಮ್ಮ ಪಿ.ಡಿ. ಸರ್, ಅಂದ್ರೆ ಆಟ ಕಲಿಸೋ ಫಿಸಿಕಲ್ ಡೈರೆಕ್ಟರ್, ಎದುರಿಗೆ ಸಿಕ್ರು. ಯಾಕೆ ಬರ್ತಿಲ್ಲ ಅಂತ ಕೇಳ್ಲಿಲ್ಲ, ಧೈರ್ಯ ತಗೋ ಅಂತಾನೂ ಹೇಳ್ಲಿಲ್ಲ. 'ಸಂಜೆ ಟೈಮ್ ನೋಡೋಕೆ ಯಾರೂ ಇಲ್ಲಮ್ಮ, ಬಂದು ಸ್ಟಾಪ್‌ವಾಚ್ ಹಿಡ್ಕೋ, ಆಡೋದೇನೂ ಬೇಡ' ಅಂದ್ರು. ಅಷ್ಟು ಸಣ್ಣ ಕೆಲಸಕ್ಕೆ ಆಗಲ್ಲ ಅನ್ನೋಕೂ ನನ್ನ ಹತ್ರ ಶಕ್ತಿ ಇರ್ಲಿಲ್ಲ, ಹೋದೆ. ಒಂದು ಇನ್ನಿಂಗ್ಸ್ ಅಂದ್ರೆ ಒಂಬತ್ತು ನಿಮಿಷ, ಅದನ್ನ ನೋಡೋದು, ವಿಷಲ್ ಊದೋದು, ರೂಮಿಗೆ ಬರೋದು. ಮಾರನೇ ದಿನ ಹುಡುಗೀರು 'ಟೈಮ್ ಕೀಪರ್ ಎಲ್ಲಿ' ಅಂತ ರೂಮಿನ ಬಾಗಿಲಿಗೇ ಬಂದ್ರು.

ಕೆಲವು ವಾರ ಆದ್ಮೇಲೆ ಸರ್ ಮತ್ತೆ ಒಂದು ಮಾತು ಹೇಳಿದ್ರು, ಮೊಣಕಾಲಿಗೆ ಏಟಾದ್ರೆ ಡಾಕ್ಟರ್ ಹತ್ರ ಹೋಗಲ್ವಾ, ಇದಕ್ಕೂ ಡಾಕ್ಟರ್ ಇದಾರೆ, ಹೋಗಿ ಬಾ ಅಂತ. ರೂಮ್‌ಮೇಟ್ ಜೊತೆ ಕೆ.ಆರ್. ಆಸ್ಪತ್ರೆ ಸೈಕಿಯಾಟ್ರಿ ಓಪಿಡಿಗೆ ಹೋದೆ. ಇದು ಡಿಪ್ರೆಶನ್, ಕಾಯಿಲೆ, ವಾಸಿ ಆಗುತ್ತೆ ಅಂದ್ರು ಡಾಕ್ಟರ್. ಮಾತ್ರೆ ಕೊಟ್ರು, ಇದು ತಗೊಂಡ ತಕ್ಷಣ ಕೆಲಸ ಮಾಡಲ್ಲ, ವಾರಗಳು ಹಿಡಿಯುತ್ತೆ, ನೀವೇ ನಿಲ್ಲಿಸ್ಬಿಡಬೇಡಿ ಅಂತಾನೂ ಹೇಳಿದ್ರು. ಗ್ರೌಂಡಿಗೆ ಹೋಗ್ತಿದೀನಿ ಅಂದಾಗ ಅದನ್ನ ಮಾತ್ರ ಬಿಡಬೇಡಿ ಅಂದ್ರು. ಆಟ ಆಡಿದ್ರೆ ಮಾತ್ರೆ ಬೇಡ ಅಂತ ಈಗಲೂ ಕೆಲವರು ನಂಗೆ ಹೇಳ್ತಾರೆ, ಅದು ತಪ್ಪು, ನಂಗೆ ಎರಡೂ ಬೇಕಿತ್ತು. ಮಾತ್ರೆ ಹಿಡಿಯೋವರೆಗೂ ಆ ವಾರಗಳನ್ನ ದಾಟಿಸಿದ್ದು ಸಂಜೆಯ ಪ್ರಾಕ್ಟೀಸು.

ನಿಧಾನಕ್ಕೆ ಆಡೋಕೆ ಶುರು ಮಾಡಿದೆ. ಖೋ ಖೋ ಆಡಿದವರಿಗೆ ಗೊತ್ತಿರುತ್ತೆ, ಎಂಟು ಜನ ಸಾಲಾಗಿ ಒಬ್ಬರು ಆ ಕಡೆ ಮುಖ ಒಬ್ಬರು ಈ ಕಡೆ ಮುಖ ಮಾಡಿ ಕೂತಿರ್ತಾರೆ, ಒಂಬತ್ತನೆಯವಳು ಎದುರು ಟೀಮಿನ ರನ್ನರ್‌ಗಳನ್ನ ಮುಟ್ಟೋಕೆ ಓಡಿಸ್ತಿರ್ತಾಳೆ. ಓಡಿಸೋಳು ಹಿಂದಕ್ಕೆ ತಿರುಗೋ ಹಾಗಿಲ್ಲ, ಮಧ್ಯದ ಗೆರೆ ದಾಟೋ ಹಾಗಿಲ್ಲ, ಕಂಬ ಸುತ್ತಿ ಬರಬೇಕು ಇಲ್ಲಾ ಕೂತವಳ ಬೆನ್ನು ಮುಟ್ಟಿ 'ಖೋ' ಅಂದು ಓಟ ಅವಳಿಗೆ ಕೊಡಬೇಕು. ಕೂತವಳು ಪಾದ ಅದುಮ್ಕೊಂಡು ಕೈ ನೆಲಕ್ಕಿಟ್ಟು ಕಿವಿ ಹಿಂದಕ್ಕೇ ಇಟ್ಟಿರಬೇಕು, ಯಾವಾಗ ಬೆನ್ನಿಗೆ ಕೈ ಬೀಳುತ್ತೋ ಆಗ ಚಿಮ್ಮಬೇಕು. ಅಲ್ಲಿ ಕೂತು ಬೇರೆ ಏನನ್ನಾದ್ರೂ ಯೋಚನೆ ಮಾಡಿದ್ರೆ ರನ್ನರ್ ಆಗಲೇ ಮೂರು ಮನೆ ಆಚೆ ಇರ್ತಾಳೆ. ಇಡೀ ದಿನದಲ್ಲಿ ನನ್ನ ತಲೇಲಿ ಅಪ್ಪನ ಗದ್ದೆ ಬದು ಇಲ್ದೇ ಇದ್ದ ಹೊತ್ತು ಅಂದ್ರೆ ಆ ಒಂಬತ್ತು ನಿಮಿಷವೇ. ಮೊದಲನೇ ಸಲ ಅದು ಗೊತ್ತಾದಾಗ ಕೋರ್ಟಿನ ಆಚೆ ಬಂದು ಕೂತು ಅತ್ತುಬಿಟ್ಟೆ, ಎಷ್ಟೋ ದಿನದ ಮೇಲೆ ಬಂದ ಅಳು ಅದು. ಯಾರೂ ಏನೂ ಕೇಳ್ಲಿಲ್ಲ, ಒಬ್ಳು ನೀರಿನ ಬಾಟ್ಲು ಪಕ್ಕಕ್ಕಿಟ್ಟು ಹೋದ್ಲು.

ಇನ್ನೊಂದು, ರನ್ನಿಂಗಲ್ಲಿ ಮೂರ್ಮೂರು ಜನರ ಬ್ಯಾಚ್ ಇಳಿಯುತ್ತೆ ಅಲ್ವಾ, ಔಟ್ ಆದ್ರೆ ಹೊರಗೆ ಬಂದು ಕೂತ್ಕೋತೀವಿ, ಮುಂದಿನ ಟರ್ನಲ್ಲಿ ಮತ್ತೆ ಇಳೀತೀವಿ. ಕೆಟ್ಟ ದಿನಗಳನ್ನ ನಾನು ಹಾಗೇ ನೋಡೋಕೆ ಕಲ್ತಿದ್ದು ಅಲ್ಲಿ. ಮೈ ದಣಿದ ಮೇಲೆ ನಿದ್ದೆ ಬಂತು, ನಿದ್ದೆ ಬಂದ ಮೇಲೆ ಹಸಿವು ಬಂತು. ಭಾನುವಾರ ಬೆಳಗ್ಗೆ ಸರ್ ಎಲ್ಲರನ್ನೂ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸೋರು, ಸಾವಿರ ಮೆಟ್ಟಿಲು. ನಾನು ನಂದಿ ಹತ್ರಕ್ಕೇ ಸುಸ್ತಾಗಿ ಕೂತ್ರೆ ಟೀಮಿನ ಯಾರಾದ್ರೂ ಒಬ್ಬರು ಜೊತೇಲಿ ಉಳ್ಕೊಳ್ಳೋರು, ಇಬ್ರೂ ಕಡ್ಲೆಕಾಯಿ ತಿನ್ಕೊಂಡು ಕೆಳಗಿನ ಮೈಸೂರು ನೋಡ್ತಾ ಕೂತಿರ್ತಿದ್ವಿ.

ಆಟದವರಿಗೆ ಮನಸ್ಸಿನ ಕಾಯಿಲೆ ಬರಲ್ಲ ಅನ್ನೋರೂ ಇದಾರೆ. ನಮ್ಮ ಕರ್ನಾಟಕ ಕ್ರಿಕೆಟ್ ಟೀಮಿಗೆ ಆಡಿದ ರಾಬಿನ್ ಉತ್ತಪ್ಪ 2020ರಲ್ಲಿ ಬಾಯಿಬಿಟ್ಟು ಹೇಳಿದ್ರು, 2009ರಿಂದ 2011ರ ಮಧ್ಯೆ ಡಿಪ್ರೆಶನ್ ಇತ್ತು, ಜೀವ ಕಳ್ಕೊಳ್ಳೋ ಯೋಚನೆ ಬರ್ತಿತ್ತು ಅಂತ. ಕ್ರಿಕೆಟ್ ಆಡ್ತಿರೋವಾಗ ಮನಸ್ಸು ಆ ಕಡೆ ಹೋಗ್ತಿರ್ಲಿಲ್ಲ, ಮ್ಯಾಚ್ ಇಲ್ಲದ ದಿನಗಳೇ ಕಷ್ಟ ಆಗ್ತಿತ್ತು ಅಂದಿದ್ರು. ಅದನ್ನ ಓದಿದಾಗ ನನ್ನ ಸೆಮಿಸ್ಟರ್ ರಜಾ ನೆನಪಾಯ್ತು, ಪ್ರಾಕ್ಟೀಸ್ ಇಲ್ದೆ ಊರಲ್ಲಿ ಕೂತ ಆ ರಜಾದಲ್ಲೇ ನಾನು ಮತ್ತೆ ಕುಸಿದಿದ್ದು, ಆಗ ಕೈ ಹಿಡಿದಿದ್ದು ಡಾಕ್ಟರ್ ಜೊತೆಗಿನ ಮಾತು. ಗೆಲ್ಲಲೇಬೇಕು ಅನ್ನೋ ಒತ್ತಡ ಬಿದ್ರೆ ಆಟವೇ ಭಾರ ಆಗುತ್ತೆ ಅನ್ನೋದೂ ನಿಜ, ಸಿಮೋನ್ ಬೈಲ್ಸ್ ಅಂಥ ಜಿಮ್ನಾಸ್ಟೇ ಟೋಕಿಯೊ ಒಲಿಂಪಿಕ್ಸಲ್ಲಿ ಮಧ್ಯದಲ್ಲೇ ಹಿಂದೆ ಸರಿದ್ರು, 2024ರ ಪ್ಯಾರಿಸಲ್ಲಿ ಮತ್ತೆ ಬಂದು ಮೂರು ಚಿನ್ನ ಗೆದ್ರು. ನಮ್ಮ ಸರ್ ನಾನು ಕಾಯಿಲೆ ಬಿದ್ದ ವರ್ಷ ನನ್ನನ್ನ ಯೂನಿವರ್ಸಿಟಿ ಟೂರ್ನಿಗೆ ಸೆಲೆಕ್ಟ್ ಮಾಡ್ಲಿಲ್ಲ, ಪ್ರಾಕ್ಟೀಸ್‌ಗೆ ಮಾತ್ರ ತಪ್ಪದೇ ಕರೆದ್ರು. ಅವರಿಗೆ ನಾನು ಜಾಸ್ತಿ ಋಣಿ ಆಗಿರೋದು ಆ ನಿರ್ಧಾರಕ್ಕೆ.

2025ರ ಜನವರೀಲಿ ದೆಹಲೀಲಿ ಖೋ ಖೋದ ಮೊದಲನೇ ವರ್ಲ್ಡ್ ಕಪ್ ನಡೀತು. ನಮ್ಮ ಹುಡುಗೀರು ಫೈನಲಲ್ಲಿ ನೇಪಾಳವನ್ನ 78-40ರಿಂದ ಸೋಲಿಸಿದ್ರು, ಆ ಟೀಮಲ್ಲಿ ಟಿ. ನರಸೀಪುರ ತಾಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ರು. ನಮ್ಮ ಹಳೇ ಟೀಮಿನ ವಾಟ್ಸಾಪ್ ಗ್ರೂಪಲ್ಲಿ ಆವತ್ತು ರಾತ್ರಿ ಯಾರೂ ಮಲಗ್ಲಿಲ್ಲ. ಆ ಖುಷಿಯಲ್ಲೇ ಮಾತು ಶುರುವಾಗಿ ಒಬ್ಬಳು ತನಗೂ ಹೆರಿಗೆ ಆದ್ಮೇಲೆ ಹೀಗೇ ಆಗಿತ್ತು ಅಂದ್ಲು, ಇನ್ನೊಬ್ಬಳು ತನ್ನ ತಮ್ಮನ ವಿಷಯ ಹೇಳಿದ್ಲು. ಈಗ ಟೆಲಿ ಮಾನಸ್ ಅಂತ ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. 2022ರಲ್ಲಿ ಶುರುವಾಗಿದ್ದು ಅದು, ನನ್ನ ಕಾಲದಲ್ಲಿ ಇರ್ಲಿಲ್ಲ. ಹಾಸ್ಟೆಲ್ ನೋಟಿಸ್ ಬೋರ್ಡಲ್ಲಿ ದೊಡ್ಡದಾಗಿ ಬರೆದು ಹಾಕಿ.

ಕೊನೆಗೆ ಪ್ರಿನ್ಸಿಪಾಲರಿಗೆ ಒಂದು ಮನವಿ. ಟೀಮಿಗೆ ಸೆಲೆಕ್ಟ್ ಆಗದ ಹುಡುಗೀರಿಗೂ ಸಂಜೆ ಒಂದು ಬ್ಯಾಚ್ ಇಡಿ, ಬರೋದಕ್ಕೆ ಕಾರಣ ಕೇಳಬೇಡಿ, ಆ ದಿನಗಳಲ್ಲಿ ಹಾಸ್ಟೆಲ್ ಗೇಟು ಏಳು ಗಂಟೆವರೆಗೆ ತೆಗೆದಿರಲಿ. ಕಂಬ ಹಳೇದಾಗಿದೆ ಅಂತ ಕೇಳಿದೆ, ಹೊಸ ಕಂಬಕ್ಕೂ ಲೈಟಿಗೂ ನಮ್ಮ ಬ್ಯಾಚಿನವರು ದುಡ್ಡು ಸೇರಿಸಿದೀವಿ, ಯಾರ ಕೈಗೆ ಕೊಡಬೇಕು ಅಂತ ತಿಳಿಸಿ.