ಒಟ್ಟಾವಾದಲ್ಲಿ ಗುಲಾಬಿ ಬೇಲಿ: ನೆಟ್ಟ ದಿನದ ಕೆಲಸ

ಮೇ ತಿಂಗಳ ಆರಂಭದ ಒಂದು ಶನಿವಾರ ಕೆನಡಾದ ಒಟ್ಟಾವಾದ ಹೊರ ಬಡಾವಣೆಯ ಮನೆಯೊಂದರ ಮುಂದೆ, ರಸ್ತೆಯ ಬದಿಗೆ, 12 ಗುಲಾಬಿಗಳನ್ನು ಸಾಲಾಗಿ ನೆಟ್ಟೆವು. ಬಂದದ್ದು ಬರೀ ಕಡ್ಡಿಗಳ ಕಂತೆ. ಎಲೆಯಿಲ್ಲ, ಕುಂಡವಿಲ್ಲ, ಬೇರಿನ ಸುತ್ತ ಒದ್ದೆ ಮರದ ಹೊಟ್ಟು, ಅದರ ಮೇಲೊಂದು ಪ್ಲಾಸ್ಟಿಕ್ ಚೀಲ. ಚಳಿಗಾಲದಲ್ಲಿ ಗಿಡ ಸುಪ್ತವಾಗಿರುವಾಗ ಮಣ್ಣು ಕೊಡವಿ ಹೀಗೆ ಬರಿಬೇರಿನಲ್ಲಿ ಕಳಿಸುವುದು ಇಲ್ಲಿನ ನರ್ಸರಿಗಳ ಪದ್ಧತಿ. ಬೇಲಿಗೆ ಇದೇ ಒಳ್ಳೆಯದು: ಬೆಲೆ ಕಡಿಮೆ, ಕುಂಡದೊಳಗೆ ಬೇರು ಸುತ್ತಿಕೊಂಡಿರುವ ತೊಂದರೆಯಿಲ್ಲ, ಹೊಸ ಬೇರು ನೇರವಾಗಿ ಈ ಮಣ್ಣಿನಲ್ಲೇ ಇಳಿಯುತ್ತದೆ. ಆದರೆ ಚಿಗುರು ಉದ್ದವಾಗುವ ಮೊದಲೇ ನೆಲ ಸೇರಿಸಬೇಕು. ಒಟ್ಟಾವಾದಲ್ಲಿ ಅದಕ್ಕೆ ಏಪ್ರಿಲ್ ಕೊನೆಯಿಂದ ಮೇ ನಡುವಿನವರೆಗೆ ಕಾಲ.

ಬೆಂಗಳೂರಿನಿಂದ ಬಂದಿದ್ದ ಆ ಮನೆಯ ಹಿರಿಯರು ಒಂದು ಗಿಡವನ್ನು ಎತ್ತಿ, ಬುಡವನ್ನು ತಿರುಗಿಸಿ ನೋಡಿ, "ಕಸಿ ಗಂಟೇ ಇಲ್ವಲ್ಲಪ್ಪಾ, ಇದು ಕಾಡು ಗಿಡವಾ?" ಎಂದು ಕೇಳಿದರು. ಗುಲಾಬಿ ಬೆಳೆಸಿ ಗೊತ್ತಿರುವವರ ಪ್ರಶ್ನೆ ಅದು, ಈ ಬೇಲಿಯ ಗುಟ್ಟೂ ಅದೇ. ನಮ್ಮೂರಿನ ಲಾಲ್‌ಬಾಗ್ ಸುತ್ತಲಿನ ನರ್ಸರಿಗಳಲ್ಲಿ ಸಿಗುವ ದೊಡ್ಡ ಹೂವಿನ ಗುಲಾಬಿಗಳು ಹೆಚ್ಚಾಗಿ ಕಣ್ಣುಕಸಿ ಮಾಡಿದವು, ಅಂದರೆ ಬೇರೆ ಗುಲಾಬಿಯೊಂದರ ಬೇರಿನ ಮೇಲೆ ಬೇಕಾದ ತಳಿಯ ಕಣ್ಣನ್ನು ಕೂರಿಸಿ ಬೆಳೆಸಿದವು. ಕಸಿ ಗಂಟಿನ ಕೆಳಗಿಂದ ಚಿಗುರು ಬಂದರೆ ಅದು ಬೇರುಗಿಡದ್ದು. ಕೂಡಲೇ ಕಿತ್ತೆಸೆಯಬೇಕು, ಇಲ್ಲದಿದ್ದರೆ ಕಸಿ ಕೊಂಬೆಯ ಸತ್ವವನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ. ಇಲ್ಲಿ ಮೈನಸ್ 25 ಡಿಗ್ರಿ ಚಳಿ ಕಸಿ ಗಂಟನ್ನೇ ಕೊಂದರೆ, ವಸಂತದಲ್ಲಿ ಏಳುವುದು ಯಾರೂ ಬಯಸದ ಬೇರುಗಿಡ. ಅದಕ್ಕೇ ಬೇಲಿಗೆ ತನ್ನದೇ ಬೇರಿನ ಗಿಡ ಬೇಕು. ಕೊಂಬೆಯೆಲ್ಲ ನೆಲದವರೆಗೆ ಸತ್ತರೂ ಬುಡದಿಂದ ಬರುವುದು ಅದೇ ಗುಲಾಬಿ. ಬಾಳೆ ಕಂದು ಹಾಕುವಂತೆ ಇವು ನೆಲದಡಿ ಹರಿದು ಅಕ್ಕಪಕ್ಕ ಮರಿ ಎಬ್ಬಿಸುತ್ತವೆ. ಗಿಡಗಿಡಗಳ ನಡುವಿನ ಖಾಲಿ ಜಾಗ ತುಂಬಿ ಸಾಲು ಬೇಲಿಯಾಗುವುದು ಆ ಮರಿಗಳಿಂದಲೇ. ಊರಿನಲ್ಲಿ ಕಿತ್ತುಹಾಕುವುದನ್ನು ಇಲ್ಲಿ ಕಾಪಾಡಿಕೊಳ್ಳಬೇಕು.

ಕೊಳ್ಳುವಾಗ ಚೀಟಿಯ ಮೇಲೆ ತನ್ನ ಬೇರಿನದ್ದು ಎಂದು ಬರೆದಿದೆಯೇ ನೋಡಿ. ಬರೆದಿಲ್ಲವಾದರೆ ಅಂಗಡಿಯಲ್ಲೇ ಬುಡವನ್ನು ಕೈಯಲ್ಲಿ ತಡವಿ ನೋಡಿ: ಎಲ್ಲ ಕೊಂಬೆಗಳೂ ಉಬ್ಬಿದ ಒಂದೇ ಗಂಟಿನಿಂದ ಹೊರಟಿದ್ದರೆ ಅದು ಕಸಿ ಗಿಡ.

ನಮ್ಮ ಸಾಲಿನಲ್ಲಿ 9 ಗಿಡ ಹನ್ಸಾ, 3 ಗಿಡ ಹೆನ್ರಿ ಹಡ್ಸನ್. ಎರಡರಲ್ಲೂ ಹರಿಯುತ್ತಿರುವುದು ರೋಸಾ ರುಗೋಸಾದ ರಕ್ತ. ಜಪಾನ್, ಕೊರಿಯಾ, ಸಖಾಲಿನ್, ಕಾಮ್ಚಾಟ್ಕಾಗಳ ಕಡಲತೀರದ ಮರಳಿನಲ್ಲಿ ಬೆಳೆಯುವ, ಸುಕ್ಕುಗಟ್ಟಿದ ದಪ್ಪ ಎಲೆಯ, ಕೊಂಬೆಯ ತುಂಬ ಮುಳ್ಳಿರುವ ಗುಲಾಬಿ ಅದು. ಉಪ್ಪುಗಾಳಿಗೆ ಒಗ್ಗಿದ ಗಿಡವಾದ್ದರಿಂದ, ಚಳಿಗಾಲವಿಡೀ ರಸ್ತೆಗೆ ಸುರಿಯುವ ಉಪ್ಪನ್ನೂ ತಡೆದುಕೊಳ್ಳುತ್ತದೆ. ರಸ್ತೆ ಬದಿಯಲ್ಲಿ ಬೇರೆ ಗುಲಾಬಿ ಬಾಳದಿರುವ ಕಡೆ ಇದು ಬಾಳುವುದು ಆ ಗುಣದಿಂದ. ಹನ್ಸಾ 1905ರಲ್ಲಿ ಹಾಲೆಂಡಿನಲ್ಲಿ ಹೊರಬಂದ ತಳಿ: ನೇರಳೆ ಮಿಶ್ರಿತ ಕೆಂಪು ಹೂ, ಲವಂಗದ ಪರಿಮಳ, ಎತ್ತರ 1.5ರಿಂದ 2 ಮೀಟರ್. ಹೆನ್ರಿ ಹಡ್ಸನ್ ಬಿಳಿ ಹೂವಿನ ಗಿಡ್ಡ ತಳಿ, ಎತ್ತರ ಒಂದು ಮೀಟರ್ ಆಸುಪಾಸು. ಮನೆಯ ಕಾರು ರಸ್ತೆಗೆ ಇಳಿಯುವ ಮೂಲೆಯಲ್ಲಿ ಎತ್ತರದ ಪೊದೆ ಕಣ್ಣಿಗೆ ಅಡ್ಡ ಬರಬಾರದೆಂದು ಆ 3 ಗಿಡ ಅಲ್ಲಿಗೆ. ಈ ಒಂದು ಕಾರಣ ಬಿಟ್ಟರೆ ಬೇಲಿಯಲ್ಲಿ ತಳಿ ಬೆರೆಸಬಾರದು. ಒಂದು ಬಿಟ್ಟು ಒಂದು ತಳಿ ನೆಟ್ಟರೆ ಜೋರಿನದು ಸೊರಗಿದ್ದನ್ನು ನುಂಗುತ್ತದೆ, ಸಾಲು ಹಲ್ಲುಬಿದ್ದ ಹಾಗಾಗುತ್ತದೆ.

ಹೆನ್ರಿ ಹಡ್ಸನ್ ಈ ಊರಿನದೇ ಮಗು. ವಿಯೆನ್ನಾದಲ್ಲಿ ಹುಟ್ಟಿ ಕೆನಡಾಕ್ಕೆ ಬಂದ ತಳಿವಿಜ್ಞಾನಿ ಫೆಲಿಸಿಟಸ್ ಸ್ವೇಯ್ಡಾ ಅವರು ಒಟ್ಟಾವಾದ ಕೃಷಿ ಸಂಶೋಧನಾ ಕೇಂದ್ರವಾದ ಸೆಂಟ್ರಲ್ ಎಕ್ಸ್‌ಪೆರಿಮೆಂಟಲ್ ಫಾರ್ಮ್‌ನಲ್ಲಿ 1960ರ ದಶಕದಲ್ಲಿ ಚಳಿ ತಾಳುವ ಗುಲಾಬಿಗಳ ಕೆಲಸ ಹಿಡಿದರು. ಸಸಿಗಳಿಗೆ ಯಾವ ಹೊದಿಕೆಯನ್ನೂ ಕೊಡದೆ ಬಯಲಲ್ಲೇ ಚಳಿಗಾಲ ಕಳೆಯಲು ಬಿಟ್ಟು, ಉಳಿದವುಗಳಲ್ಲಿ ಆರಿಸಿದರು. ತಳಿಗಳಿಗೆ ಕೆನಡಾವನ್ನು ಶೋಧಿಸಿದ ನಾವಿಕರ, ಅನ್ವೇಷಕರ ಹೆಸರಿಟ್ಟರು. 1968ರಲ್ಲಿ ಮಾರ್ಟಿನ್ ಫ್ರೋಬಿಷರ್, 1974ರಲ್ಲಿ ಯೆನ್ಸ್ ಮುಂಕ್, 1976ರಲ್ಲಿ ಹೆನ್ರಿ ಹಡ್ಸನ್ ಬಂದವು. ಥರ್ಮೋಕೋಲಿನ ಟೋಪಿ ಹೊದಿಸಿ, ಬುಡಕ್ಕೆ ಒಂದಡಿ ಮಣ್ಣೇರಿಸಿ ಗುಲಾಬಿಯನ್ನು ರಕ್ಷಿಸುತ್ತಿದ್ದ ಊರಿಗೆ, ಏನನ್ನೂ ಹೊದಿಸಬೇಕಿಲ್ಲದ ಗುಲಾಬಿಯನ್ನು ಕೊಟ್ಟ ಆ ಹೆಣ್ಣುಮಗಳ ಕೆಲಸ ದೊಡ್ಡದು.

ನೆಡುವುದು ಅರ್ಧ ದಿನದ ಕೆಲಸವಾದರೂ ಅದಕ್ಕೆ ತಯಾರಿ ಹಿಂದಿನ ಆಗಸ್ಟ್‌ನಲ್ಲೇ ಶುರುವಾಗಿತ್ತು. ಸಾಲು ಬರುವ ಜಾಗದ ಹುಲ್ಲನ್ನು ಗಿಡ್ಡಕ್ಕೆ ಕತ್ತರಿಸಿ, ಮೇಲೆ ರಟ್ಟು ಹಾಸಿ, ಅಂಚುಗಳು ಒಂದರ ಮೇಲೊಂದು 15 ಸೆಂ.ಮೀ. ಬರುವಂತೆ ಜೋಡಿಸಿ, ನೀರು ಹಾಕಿ, 10 ಸೆಂ.ಮೀ. ಮರದ ಚಕ್ಕೆ ಹರಡಿದ್ದು. ವಸಂತದ ಹೊತ್ತಿಗೆ ಹುಲ್ಲು ಬೇರುಸಹಿತ ಸತ್ತಿತ್ತು. ಈ ಕೆಲಸವನ್ನು ಬಿಟ್ಟರೆ ಬೇಲಿ ಕೆಟ್ಟಂತೆಯೇ. ರುಗೋಸಾದ ಮುಳ್ಳಿನ ನಡುವೆ ಹುಲ್ಲು ಒಮ್ಮೆ ಹೊಕ್ಕರೆ ಕೈ ಹಾಕಿ ಕೀಳಲಾಗದು, ಗುದ್ದಲಿ ಆಡಿಸಲಾಗದು, ಕಳೆನಾಶಕ ಹೊಡೆದರೆ ಅದು ಗುಲಾಬಿಯ ಮರಿಗಳಿಗೂ ತಗಲುತ್ತದೆ. ಎರಡು ಮೂರು ವರ್ಷದ ನಂತರ ಬೇಲಿ ಸೊರಗುವುದಕ್ಕೆ ರೋಗಕ್ಕಿಂತ ಈ ಹುಲ್ಲೇ ಹೆಚ್ಚು ಕಾರಣ.

ಅಗೆಯುವ ಮುನ್ನ, ನೆಲದಡಿಯ ಕೊಳವೆ ತಂತಿಗಳನ್ನು ಗುರುತಿಸಲು ಕೋರುವ ಸೇವೆಯಾದ ಒಂಟಾರಿಯೋ ಒನ್ ಕಾಲ್‌ಗೆ ತಿಳಿಸಬೇಕು. ಕಾನೂನಿನ ಪ್ರಕಾರ ಕಡ್ಡಾಯ, ಖರ್ಚಿಲ್ಲ. ಗ್ಯಾಸ್, ವಿದ್ಯುತ್, ಕೇಬಲ್ ಹೋಗಿರುವ ದಾರಿಯನ್ನು ಬಂದು ಬಣ್ಣದಲ್ಲಿ ಗುರುತಿಸಿ ಹೋಗುತ್ತಾರೆ. ಮನೆಯ ಮುಂದಿನ ಜಾಗದಲ್ಲಿ ಎಷ್ಟು ನಗರಸಭೆಗೆ ಸೇರಿದ್ದು, ಮೂಲೆಯಲ್ಲಿ ಬೇಲಿ ಎಷ್ಟು ಎತ್ತರ ಇರಬಹುದು ಎಂಬುದನ್ನೂ ಮೊದಲೇ ವಿಚಾರಿಸಿಕೊಳ್ಳಿ. ಬೆಳೆದ ಹನ್ಸಾ 1.5 ಮೀಟರಿಗೂ ಹೆಚ್ಚು ಅಗಲವಾಗುತ್ತದೆ. ಹಾಗಾಗಿ ಸಾಲಿನ ಗೆರೆ ಕಾಲುದಾರಿಯಿಂದ ಕನಿಷ್ಠ ಒಂದು ಮೀಟರ್ ಒಳಗೆ. ಹತ್ತಿರ ನೆಟ್ಟರೆ ನಡೆಯುವವರಿಗೆ ಮುಳ್ಳು ಗೀರುತ್ತದೆ, ಚಳಿಗಾಲದಲ್ಲಿ ಹಿಮ ತಳ್ಳುವ ಗಾಡಿಯ ರಾಶಿ ಕೊಂಬೆಗಳನ್ನು ಸೀಳುತ್ತದೆ.

ಒಟ್ಟಾವಾದ ಹಲವು ಬಡಾವಣೆಗಳು ಪುರಾತನ ಷಾಂಪ್ಲೇನ್ ಸಮುದ್ರ ಬಿಟ್ಟುಹೋದ ಜೇಡಿಮಣ್ಣಿನ ಮೇಲೆ ನಿಂತಿವೆ. ಇಲ್ಲಿಯೂ ಅದೇ ಜೇಡಿ. 30 ಸೆಂ.ಮೀ. ಆಳದ ಗುಂಡಿಗೆ ನೀರು ತುಂಬಿ ಇಂಗಲು ಬಿಟ್ಟು, ಮತ್ತೆ ತುಂಬಿ ಅಳೆದರೆ ಗಂಟೆಗೆ 2 ಸೆಂ.ಮೀ. ಕೂಡ ಇಳಿಯಲಿಲ್ಲ. ಇಂಥ ಕಡೆ ಗಿಡಕ್ಕೊಂದರಂತೆ ಗುಂಡಿ ತೋಡಿ ಅದಕ್ಕಷ್ಟೇ ಗೊಬ್ಬರ ಬೆರೆಸಿದರೆ ಆ ಗುಂಡಿ ನೀರು ನಿಲ್ಲುವ ತೊಟ್ಟಿಯಾಗುತ್ತದೆ, ಬೇರು ಕೊಳೆಯುತ್ತದೆ. ಆದ್ದರಿಂದ ಉದ್ದಕ್ಕೂ ಒಂದೇ ಕಾಲುವೆ ತೆಗೆದೆವು: 9.5 ಮೀಟರ್ ಉದ್ದ, 60 ಸೆಂ.ಮೀ. ಅಗಲ, 40 ಸೆಂ.ಮೀ. ಆಳ. ತೆಗೆದ ಮಣ್ಣಿಗೆ ಕಾಲುಭಾಗ ಎಲೆಗೊಬ್ಬರ, ಅಂದರೆ ಸುಮಾರು ಅರ್ಧ ಘನ ಮೀಟರ್, ಬೆರೆಸಿ ಹಿಂದಕ್ಕೆ ತುಂಬಿದಾಗ ಪಾತಿ ತಾನಾಗಿಯೇ ಸುತ್ತಲ ನೆಲಕ್ಕಿಂತ ಒಂದು ಗೇಣಿನಷ್ಟು ಎದ್ದಿತು. ಆ ಏರೇ ನೀರು ಬಸಿಯುವ ದಾರಿ. ಜೇಡಿಗೆ ಮರಳು ಬೆರೆಸುವ ಸಲಹೆ ಕೇಳಬೇಡಿ, ಎರಡೂ ಕಚ್ಚಿಕೊಂಡು ಇನ್ನಷ್ಟು ಗಟ್ಟಿಯಾಗುತ್ತದೆ. ಮಣ್ಣು ಹಸಿಯಾಗಿದ್ದರೆ ಅಗೆಯಲೂ ಬೇಡಿ. ಹಿಡಿಯಷ್ಟು ಹಿಸುಕಿ ಬೆರಳಿನಿಂದ ತಟ್ಟಿದರೆ ಪುಡಿಯಾಗಬೇಕು, ಉಂಡೆಯಾಗಿಯೇ ಉಳಿದರೆ ಇನ್ನೂ ಕೆಲವು ದಿನ ಕಾಯುವುದು ಮೇಲು.

ಸುಣ್ಣ, ಒಲೆಬೂದಿ ಹತ್ತಿರ ತರಬಾರದು. ರುಗೋಸಾ ಸ್ವಲ್ಪ ಹುಳಿ ಮಣ್ಣಿನ ಗಿಡ, ಪಿಎಚ್ 5.6ರಿಂದ 6.5ರ ನಡುವೆ ಸುಖವಾಗಿರುತ್ತದೆ. 7 ದಾಟಿದರೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಅದನ್ನು ಸಾರಜನಕದ ಕೊರತೆ ಎಂದುಕೊಂಡು ಗೊಬ್ಬರ ಸುರಿಯುವವರಿದ್ದಾರೆ. ಹಳದಿ ಹೋಗುವುದಿಲ್ಲ, ಕೊಂಬೆ ಮಾತ್ರ ಮೆತ್ತಗೆ ಉದ್ದವಾಗುತ್ತದೆ. ತಕ್ಷಣಕ್ಕೆ ಚಿಲೇಟೆಡ್ ಕಬ್ಬಿಣವನ್ನು, ಅಂದರೆ ಬೇರು ಹೀರಬಲ್ಲ ರೂಪದ ಕಬ್ಬಿಣವನ್ನು, ಬುಡಕ್ಕೆ ಕೊಡಬೇಕು. ನಿಧಾನದ ಮದ್ದು ಗಂಧಕದ ಪುಡಿ, ಅದೂ ಮಣ್ಣು ಪರೀಕ್ಷೆ ಮಾಡಿಸಿದ ಮೇಲೆ.

ಹಿಂದಿನ ರಾತ್ರಿಯೇ ಗಿಡಗಳ ಬೇರನ್ನು ಬಕೆಟ್ಟಿನಲ್ಲಿ ನೆನೆಹಾಕಿತ್ತು. ರಾತ್ರಿಯಿಡೀ ಸಾಕು, 24 ಗಂಟೆ ಮೀರಿದರೆ ಬೇರಿಗೆ ಉಸಿರುಕಟ್ಟುತ್ತದೆ. ಬೆಳಿಗ್ಗೆ ಮುರಿದ ಬೇರುಗಳನ್ನಷ್ಟೇ ಚಾಟಣಿ ಕತ್ತರಿಯಿಂದ ಸವರಿ, ದಾರ ಕಟ್ಟಿ ಗೆರೆ ಹಿಡಿದೆವು. ಹನ್ಸಾ ನಡುವೆ 80 ಸೆಂ.ಮೀ., ಹೆನ್ರಿ ಹಡ್ಸನ್ ನಡುವೆ 60, ಎರಡು ತಳಿ ಸೇರುವಲ್ಲಿ 75. ಸಾಲಿನ ಎರಡೂ ತುದಿಯಲ್ಲಿ ಅರ್ಧ ಮೀಟರಿನಷ್ಟು ಬಿಟ್ಟಿದ್ದು ಮರಿಗಳಿಗಾಗಿ. ಬೇಗ ಕೂಡಿಕೊಳ್ಳಲೆಂದು 40–50 ಸೆಂ.ಮೀ.ಗೆ ಒಂದರಂತೆ ನೆಟ್ಟರೆ ನಾಲ್ಕನೇ ವರ್ಷಕ್ಕೆ ಒಳಗೆ ಬೆಳಕು ಹೋಗದೆ ಬುಡ ಬೋಳಾಗುತ್ತದೆ.

ಕಾಲುವೆಯಲ್ಲಿ ಮಣ್ಣಿನ ಸಣ್ಣ ಗುಡ್ಡೆ ಮಾಡಿ ಅದರ ಮೇಲೆ ಬೇರನ್ನು ಹರಡಿ ಕೂರಿಸಬೇಕು. ನರ್ಸರಿಯಲ್ಲಿ ಮಣ್ಣು ಇದ್ದ ಗುರುತು ಕೊಂಬೆಯ ಮೇಲೆ ಕಾಣುತ್ತದೆ. ಅದಕ್ಕಿಂತ 3ರಿಂದ 5 ಸೆಂ.ಮೀ. ಆಳಕ್ಕೆ ನೆಟ್ಟರೆ ಹೂತ ಕೊಂಬೆಯೂ ಬೇರು ಬಿಡುತ್ತದೆ. ಕಸಿ ಗಿಡವೇ ಸಿಕ್ಕಿದರೆ ಈ ಊರಿನಲ್ಲಿ ಗಂಟನ್ನು 10ರಿಂದ 15 ಸೆಂ.ಮೀ. ಆಳಕ್ಕೆ ಹೂಳಬೇಕು, ಮೇಲಿನ ಕೊಂಬೆಯೂ ಕ್ರಮೇಣ ತನ್ನ ಬೇರು ಬಿಟ್ಟುಕೊಳ್ಳಲಿ ಎಂದು. ಅರ್ಧ ಮಣ್ಣು ತುಂಬಿದ ಮೇಲೆ ಒಂದು ಬಕೆಟ್ ನೀರು, ಅದು ಇಂಗಿದ ಮೇಲೆ ಉಳಿದ ಮಣ್ಣು, ಮತ್ತೊಂದು ಬಕೆಟ್. ಕಾಲಿನಿಂದ ತುಳಿಯುವುದು ಜೇಡಿಯಲ್ಲಿ ಬೇಡ, ನೀರೇ ಮಣ್ಣನ್ನು ಕೂರಿಸುತ್ತದೆ.

ಆಮೇಲೆ ಎಲ್ಲ ಕೊಂಬೆಗಳನ್ನೂ ನೆಲದಿಂದ 15–20 ಸೆಂ.ಮೀ. ಬಿಟ್ಟು ಕತ್ತರಿಸಿದೆವು. ದುಡ್ಡು ಕೊಟ್ಟು ತಂದ ಗಿಡವನ್ನು ಇಷ್ಟು ಮೊಟಕು ಮಾಡಲು ಮನೆಯವರಿಗೆ ಮನಸ್ಸಿರಲಿಲ್ಲ. ಆದರೆ ಬೇಲಿ ಬುಡದಿಂದಲೇ ದಟ್ಟವಾಗುವುದು ಈ ಒಂದು ಕತ್ತರಿಯಿಂದ. ಈಗ ಕತ್ತರಿಸದಿದ್ದರೆ ಮೇಲೆ ಕೊಡೆ, ಕೆಳಗೆ ಕಿಂಡಿ. ಕೊನೆಗೆ 7 ಸೆಂ.ಮೀ. ದಪ್ಪ ಮರದ ಚಕ್ಕೆ ಹಾಸಿದ್ದು, ಕೊಂಬೆಗಳಿಗೆ ತಾಗದಂತೆ ಒಂದು ಅಂಗೈ ದೂರ ಬಿಟ್ಟು. ತಾಗಿಸಿ ಹಾಸಿದರೆ ಚಳಿಗಾಲದಲ್ಲಿ ಹಿಮದಡಿ ಓಡಾಡುವ ಹೊಲದಿಲಿಗಳು ಅದರೊಳಗೆ ಮನೆ ಮಾಡಿ ತೊಗಟೆ ಸುಲಿಯುತ್ತವೆ.

ಮೊದಲ ಬೇಸಿಗೆ ಬೇಕಾದದ್ದು ನೀರೊಂದೇ: ಮಳೆ ಇಲ್ಲದ ವಾರ ಇಡೀ ಪಾತಿಗೆ 2.5 ಸೆಂ.ಮೀ. ಮಳೆಯಷ್ಟು, ಒಂದೇ ಸಲ, ಆಳಕ್ಕೆ. ದಿನಾ ಸ್ವಲ್ಪಸ್ವಲ್ಪ ಹಾಕಿದರೆ ಬೇರು ಮೇಲೆಯೇ ಉಳಿಯುತ್ತದೆ. ಗೊಬ್ಬರ ಮೊದಲ ವರ್ಷ ಬೇಡ, ಮುಂದೆಯೂ ವಸಂತದಲ್ಲಿ ಒಂದು ಪದರ ಎಲೆಗೊಬ್ಬರ ಸಾಕು. ಜುಲೈ ಮುಗಿದ ಮೇಲೆ ಸಾರಜನಕ ಕೊಟ್ಟರೆ ಎಳೆ ಚಿಗುರು ಮಾಗದೆ ಚಳಿಗೆ ಸಿಕ್ಕಿ ಕಪ್ಪಾಗುತ್ತದೆ.

ಔಷಧಿಯನ್ನಂತೂ ಹೊಡೆಯಲೇಬಾರದು. ಕಪ್ಪುಚುಕ್ಕೆ, ಬೂದಿರೋಗ ರುಗೋಸಾಕ್ಕೆ ವಿರಳ. ಬೇರೆ ಗುಲಾಬಿಗೆ ಹೊಡೆಯುವ ಶಿಲೀಂಧ್ರನಾಶಕ, ಗಂಧಕದ ದ್ರಾವಣ ಬಿದ್ದರೆ ಇದರ ಎಲೆಯೇ ಸುಟ್ಟು ಉದುರುತ್ತದೆ. ಜುಲೈಯಲ್ಲಿ ಬರುವ ಜಪಾನಿ ಜೀರುಂಡೆಗಳನ್ನು ಬೆಳಗಿನ ತಂಪಿನಲ್ಲಿ ಅವು ಮಂಕಾಗಿರುವಾಗ ಸೋಪಿನ ನೀರಿಗೆ ಕೊಡವಿ. ಅಂಗಡಿಯ ವಾಸನೆ ಬಲೆ ತೂಗಿದರೆ ಪಕ್ಕದ ಬೀದಿಯವೂ ಬರುತ್ತವೆ. ಮೊಗ್ಗು ಅರಳದೆ ರಂಧ್ರಬಿದ್ದು ಒಣಗಿದರೆ ಅದು ಮೂತಿಹುಳುವಿನ ಕೆಲಸ, ಆ ಮೊಗ್ಗನ್ನು ಕತ್ತರಿಸಿ ಕಸಕ್ಕೆ ಹಾಕಿ. ಕೊಂಬೆಯಲ್ಲಿ ಮುಳ್ಳುಮುಳ್ಳಾದ ಗಂಟು ಊದಿದ್ದರೆ ಒಳಗೆ ಕಣಜದ ಮರಿಗಳಿರುತ್ತವೆ. ಚಳಿಗಾಲ ಮುಗಿಯುವ ಮೊದಲೇ ಕತ್ತರಿಸಿದರೆ ಮುಂದಿನ ಪೀಳಿಗೆ ಹಾರುವುದಿಲ್ಲ.

ಬಾಡಿದ ಹೂವನ್ನು ಆಗಸ್ಟ್ ಬಂದ ಮೇಲೆ ಕೀಳದೆ ಬಿಟ್ಟರೆ ಹನ್ಸಾದಲ್ಲಿ ದಪ್ಪ ಕೆಂಪು ಕಾಯಿ ಕಟ್ಟುತ್ತದೆ. ಸಿ ಜೀವಸತ್ವ ತುಂಬಿದ ಕಾಯಿ, ಔಷಧಿ ಹೊಡೆಯದ ಬೇಲಿಯದ್ದಾದರೆ ಜ್ಯಾಮ್ ಮಾಡಬಹುದು. ಒಳಗಿನ ಬೀಜದ ಜೊತೆಗಿರುವ ನವಿರು ಗಂಟಲು ಕೆರೆಯುತ್ತದೆ, ಅದನ್ನು ಪೂರ್ತಿ ತೆಗೆಯಬೇಕು.

ಮೂರು ವರ್ಷ ಕತ್ತರಿಗೆ ಕೆಲಸವಿಲ್ಲ, ಸತ್ತ ಕೊಂಬೆ ತೆಗೆಯುವುದಷ್ಟೇ. ನಾಲ್ಕನೇ ವಸಂತದಿಂದ ಪ್ರತಿ ವರ್ಷ ಅತಿ ಹಳೆಯ ಕೊಂಬೆಗಳಲ್ಲಿ ಕಾಲುಭಾಗವನ್ನು ನೆಲಮಟ್ಟಕ್ಕೆ ತೆಗೆಯಬೇಕು. ವಿದ್ಯುತ್ ಕತ್ತರಿಯಿಂದ ಮೇಲ್ಭಾಗವನ್ನು ಗೋಡೆಯ ಹಾಗೆ ಸಮ ಮಾಡುವುದು ಈ ಗಿಡಕ್ಕೆ ಹೊಂದುವುದಿಲ್ಲ: ಮೊಗ್ಗು ಹೋಗುತ್ತದೆ, ತುದಿ ಮಾತ್ರ ದಟ್ಟವಾಗಿ ಒಳಗೆಲ್ಲ ಕಟ್ಟಿಗೆ ಉಳಿಯುತ್ತದೆ.

ಕರ್ನಾಟಕದಲ್ಲಿ ಓದುತ್ತಿರುವವರು ರುಗೋಸಾ ತರಿಸುವುದು ಬೇಡ. ಚಳಿಗಾಲದ ನಿದ್ದೆ ಇಲ್ಲದೆ ಅದು ಬಯಲುಸೀಮೆಯಲ್ಲಿ ಸೊರಗುತ್ತದೆ. ಅಲ್ಲಿ ಪನ್ನೀರು ಗುಲಾಬಿ, ಅಂದರೆ ಎಡ್ವರ್ಡ್ ರೋಸ್, ಇದೇ ಕೆಲಸ ಮಾಡುತ್ತದೆ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ, ಅದರ ಹೆಸರು ಬೂರ್ಬೋನ್ ಎಂದಿದ್ದ ಕಾಲದಲ್ಲಿ, ಹೊಲಗಳಿಗೆ ಬೇಲಿಯಾಗಿ ನೆಟ್ಟಿದ್ದ ಚೀನಾ ಗುಲಾಬಿ ಮತ್ತು ಡಮಾಸ್ಕ್ ಗುಲಾಬಿಗಳು ಬೆರೆತು ಹುಟ್ಟಿದ ಗಿಡವದು. ಮಳೆಗಾಲದಲ್ಲಿ ಪೆನ್ಸಿಲ್ ದಪ್ಪದ, ಒಂದು ಗೇಣು ಉದ್ದದ ಮಾಗಿದ ಕಡ್ಡಿ ಚುಚ್ಚಿದರೆ ಬೇರು ಬಿಡುತ್ತದೆ. ಅದೂ ತನ್ನ ಬೇರಿನ ಗಿಡವೇ, ಕಸಿ ಬೇಕಿಲ್ಲ.

ಒಟ್ಟಾವಾದ ಬೇಲಿಗೆ ಉಳಿದ ಒಂದು ಜವಾಬ್ದಾರಿ ಮರಿಗಳದ್ದು. ಕಾಪಾಡಬೇಕು ಎಂದದ್ದು ಸಾಲಿನೊಳಗಿನವನ್ನು. ಡೆನ್ಮಾರ್ಕಿನ ಕಡಲ ದಿಬ್ಬಗಳಲ್ಲಿ ರುಗೋಸಾ ಹರಡಿ ಸ್ಥಳೀಯ ಗಿಡಗಳನ್ನು ಒತ್ತಿಹಾಕಿದೆ, ಫಿನ್ಲೆಂಡ್ 2022ರಿಂದ ಬೆಳೆಸುವುದನ್ನೇ ನಿಷೇಧಿಸಿದೆ. ಕಡಲತೀರ, ನದಿದಂಡೆಯ ಮರಳಿನ ಹತ್ತಿರ ಇದನ್ನು ನೆಡಬಾರದು. ಬಡಾವಣೆಯಲ್ಲೂ ಹುಲ್ಲಿನ ಅಂಚಿಗೆ ಮೇ ಮತ್ತು ಸೆಪ್ಟೆಂಬರ್‌ನಲ್ಲಿ ಚೂಪು ಸಲಿಕೆಯನ್ನು 20 ಸೆಂ.ಮೀ. ಆಳಕ್ಕೆ ನೇರ ಇಳಿಸಿ ಹೊರಗೆ ಹರಿದ ಬೇರನ್ನು ಕಡಿಯಬೇಕು. ಹೀಗೆ ಕಡಿದ ಮರಿಗೆ ಸ್ವಲ್ಪ ಬೇರು ಅಂಟಿಕೊಂಡಿದ್ದರೆ, ಮುಂದಿನ ಏಪ್ರಿಲ್ ಕೊನೆಯಲ್ಲಿ ಚಿಗುರೊಡೆಯುವ ಮುಂಚೆ ಎತ್ತಿ, 15 ಸೆಂ.ಮೀ.ಗೆ ಮೊಟಕು ಮಾಡಿ, ಸಾಲಿನಲ್ಲಿ ಸತ್ತ ಗಿಡದ ಜಾಗಕ್ಕೆ ನೆಡಬಹುದು.